ಕೊಡಗಿನ ಕೆಸರಿಗೆ ಮೊದಲ ಡ್ಯುಯಲ್ ಸ್ಪೋರ್ಟ್ ಬೈಕು: ಆಮದಿನ ಆಸೆ, ಲೆಕ್ಕ, ಪರೀಕ್ಷೆ

ಶೋರೂಮಿನ ಟೈಲ್ಸ್ ನೆಲದ ಮೇಲೆ ನಿಲ್ಲಿಸಿದರೆ ಯಾವ ಬೈಕೂ ಚೆಂದವೇ. ಅದೇ ಬೈಕು ಜುಲೈ ತಿಂಗಳಲ್ಲಿ, ಸಿಲ್ವರ್ ಓಕ್ ಎಲೆ ಕೊಳೆತು ಅಂಟಿಕೊಂಡ ತೋಟದ ಇಳಿಜಾರಿನಲ್ಲಿ ಮಗ್ಗುಲಾಗಿ ಬಿದ್ದಿದೆ ಎಂದುಕೊಳ್ಳಿ. ಕೆಳಗೆ ಕೆಂಪು ಜೇಡಿ, ಮೇಲೆ ಬಿಡದ ಮಳೆ, ಸಹಾಯಕ್ಕೆ ಕೂಗಿದರೂ ಕಾರ್ಮಿಕರ ಲೈನ್‌ಮನೆ ಅರ್ಧ ಮೈಲಿ ದೂರ. ಆಗ ಅದನ್ನು ನೀವೊಬ್ಬರೇ ಎತ್ತಬಲ್ಲಿರಾ? ಮುರಿದ ಕ್ಲಚ್ ಲಿವರ್ ಎರಡು ದಿನದಲ್ಲಿ ಸಿಗುತ್ತದೆಯೇ? ಹೊಸಬರು ಕೊಡಗಿನಲ್ಲಿ ಬೈಕು ಆರಿಸುವಾಗ ಅಶ್ವಶಕ್ತಿ, ಬಣ್ಣ, ಬ್ರ್ಯಾಂಡು ಎಲ್ಲವೂ ಈ ಎರಡು ಪ್ರಶ್ನೆಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು.

ಮೊದಲು ಹೆಸರು ಸರಿಮಾಡಿಕೊಳ್ಳಿ

ಎತ್ತರದ ಬೈಕುಗಳನ್ನೆಲ್ಲ ಡ್ಯುಯಲ್ ಸ್ಪೋರ್ಟ್ ಎನ್ನುವ ರೂಢಿ ಬಂದಿದೆ. ಟಾರು ರಸ್ತೆಗೂ ಕಚ್ಚಾದಾರಿಗೂ ಒಗ್ಗುವ ನಿಜವಾದ ಡ್ಯುಯಲ್ ಸ್ಪೋರ್ಟ್‌ಗೆ ಮುಂದೆ 21 ಇಂಚಿನ ಚಕ್ರ, ಹಿಂದೆ 18 ಇಂಚಿನದು, ಎರಡಕ್ಕೂ ತಂತಿ ಸ್ಪೋಕು, 200 ಮಿ.ಮೀ. ಆಸುಪಾಸಿನ ಅಥವಾ ಅದಕ್ಕೂ ಹೆಚ್ಚಿನ ಸಸ್ಪೆನ್ಷನ್ ಚಲನೆ, ತೆಳ್ಳನೆ ಸೀಟು, ಜೊತೆಗೆ ರಸ್ತೆಗಿಳಿಸಲು ನಂಬರ್ ಪ್ಲೇಟು. ಮುಂದೆ 19 ಇಂಚಿನ ಅಲಾಯ್ ಚಕ್ರ, ದೊಡ್ಡ ಗಾಜು, ದಪ್ಪ ಟ್ಯಾಂಕ್ ಇರುವವು ಟೂರಿಂಗ್ ಬೈಕುಗಳು. ಮಡಿಕೇರಿ–ಮೈಸೂರು ರಸ್ತೆಗೆ ಅವು ಹಾಯಾಗಿರುತ್ತವೆ, ಮಾದಾಪುರದ ಕಡೆಯ ಕಲ್ಲುದಾರಿಗೆ ಅಲ್ಲ. 21 ಇಂಚಿನ ಚಕ್ರ ಗುಂಡಿಯ ಅಂಚನ್ನು ಹತ್ತಿ ದಾಟುತ್ತದೆ, ಚಿಕ್ಕ ಚಕ್ರ ಅದೇ ಅಂಚಿಗೆ ಡಿಕ್ಕಿ ಹೊಡೆಯುತ್ತದೆ.

ಮೂರನೆಯ ಜಾತಿಯೊಂದಿದೆ, ರಸ್ತೆಗಲ್ಲದೆ ಬರೀ ಮಣ್ಣಿಗೆಂದೇ ಮಾಡಿದ ಡರ್ಟ್ ಬೈಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕವಾಸಾಕಿಯ ಕೆಎಲ್‌ಎಕ್ಸ್ 110, ಕೆಎಲ್‌ಎಕ್ಸ್ 140, ಕೆಎಕ್ಸ್ ಸರಣಿಯ ಬೈಕುಗಳು ಆಮದಾಗಿ ನಮ್ಮಲ್ಲಿ ಮಾರಾಟವಾಗುತ್ತವೆ, ಆದರೆ ರಸ್ತೆಗೆ ನೋಂದಣಿಯಾಗುವುದಿಲ್ಲ. ಕೈಗೆ ಸಿಗುವುದು ಇನ್‌ವಾಯ್ಸ್, ಆರ್‌ಸಿ ಅಲ್ಲ. ಸ್ವಂತ ತೋಟದ ಗೇಟಿನೊಳಗೆ ಓಡಿಸಿಕೊಳ್ಳಬಹುದು. ಗೇಟಿನಾಚೆ ಪಂಚಾಯಿತಿ ರಸ್ತೆಗೆ ಚಕ್ರ ಇಟ್ಟರೆ ಇನ್ಶೂರೆನ್ಸ್ ಇಲ್ಲದ, ನಂಬರಿಲ್ಲದ ವಾಹನ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಚೀನಾದ ಪುಟ್ಟ ಡರ್ಟ್ ಬೈಕುಗಳದ್ದೂ ಇದೇ ಕತೆ. "ಆಮೇಲೆ ನಂಬರ್ ಮಾಡಿಸಿಕೊಡ್ತೀವಿ" ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಆಮದು ಅಂದರೆ ಎಷ್ಟು ದುಡ್ಡು

ವಿದೇಶದ ವಿಡಿಯೊಗಳಲ್ಲಿ ಚೀನಾದ 250 ಸಿಸಿ ಬೈಕನ್ನು ಪೆಟ್ಟಿಗೆ ಸಮೇತ ಮನೆಗೆ ತರಿಸಿ, ಅಂಗಳದಲ್ಲಿ ಹ್ಯಾಂಡಲ್ ಜೋಡಿಸಿ ಓಡಿಸುವುದನ್ನು ನೋಡಿರುತ್ತೀರಿ. ಇಲ್ಲಿ ಅದು ನಡೆಯುವುದಿಲ್ಲ. ನಮ್ಮ ದೇಶದ ನಿಯಮಕ್ಕೆ ಹೊಂದುತ್ತದೆ ಎಂಬ ಪ್ರಮಾಣಪತ್ರ ಇಲ್ಲದ ಬೈಕಿಗೆ ಆರ್‌ಟಿಒ ನಂಬರ್ ಕೊಡುವುದಿಲ್ಲ. ಹೊರದೇಶದಿಂದ ಹಳೆಯ ಬೈಕು ತರಿಸುವುದಂತೂ ಇನ್ನೂ ಕಷ್ಟ: ತಯಾರಾಗಿ ಮೂರು ವರ್ಷ ದಾಟಿರಬಾರದು, ಮುಂಬೈ ಬಂದರಿನಿಂದಷ್ಟೇ ಬರಬೇಕು, ಸುಂಕವೋ ಬೈಕಿನ ಬೆಲೆಯನ್ನೇ ಮೀರಿಸುತ್ತದೆ. ಅಗ್ಗದ ಬೈಕಿಗಾಗಿ ಈ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ.

ಉಳಿಯುವುದು ಕಂಪನಿಯೇ ತರಿಸಿ ಮಾರುವ ಬೈಕು. ಅದು ಪೂರ್ತಿ ಕಟ್ಟಿ ಬರುತ್ತದೆಯೋ, ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುತ್ತದೆಯೋ ಎಂಬುದನ್ನು ಮೊದಲು ಕೇಳಿ. 2025ರ ಬಜೆಟ್ಟಿನಲ್ಲಿ 1600 ಸಿಸಿವರೆಗಿನ, ಪೂರ್ತಿ ಕಟ್ಟಿ ಬರುವ ಬೈಕುಗಳ ಸುಂಕ ಶೇ 50ರಿಂದ 40ಕ್ಕೆ ಇಳಿಯಿತು. ಬಿಡಿಭಾಗಗಳಾಗಿ ಬಂದರೆ ಶೇ 15 ಇದ್ದದ್ದು 10 ಆಯಿತು. ಇದರ ಮೇಲೆ ಜಿಎಸ್‌ಟಿ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಶೇ 18, ಅದನ್ನು ದಾಟಿದರೆ ಶೇ 40. ಕರ್ನಾಟಕದಲ್ಲಿ ಲಕ್ಷ ಮೀರಿದ ಬೈಕಿಗೆ ಆಜೀವ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್.

ಒಂದು ಸಲ ಕಾಗದದ ಮೇಲೆ ಕೂಡಿಸಿ ನೋಡಿ. ಬಂದರಿಗೆ ಒಂದು ಲಕ್ಷಕ್ಕೆ ಬಂದಿಳಿದ 250 ಸಿಸಿ ಬೈಕು. ಸುಂಕ ಸೇರಿ 1.40 ಲಕ್ಷ, ಜಿಎಸ್‌ಟಿ ಸೇರಿ 1.65 ಲಕ್ಷ, ಕೊಡಗಿನ ಕೆಎ–12 ನಂಬರ್ ಬೀಳುವಾಗ ಹತ್ತಿರಹತ್ತಿರ 2 ಲಕ್ಷ. ಕಂಪನಿಯ ಲಾಭ, ಡೀಲರ್ ಲಾಭ, ಸಾಗಣೆ, ಇನ್ಶೂರೆನ್ಸ್ ಇನ್ನೂ ಸೇರಿಯೇ ಇಲ್ಲ.

ಇದಕ್ಕೆ ಕಣ್ಣೆದುರಿನ ಉದಾಹರಣೆ ಕವಾಸಾಕಿ ಕೆಎಲ್‌ಎಕ್ಸ್ 230. 2024ರ ಡಿಸೆಂಬರಿನಲ್ಲಿ ಪೂರ್ತಿ ಆಮದಾಗಿ ಬಂದಾಗ ಎಕ್ಸ್ ಶೋರೂಂ ಬೆಲೆ 3.30 ಲಕ್ಷ. ಮರುವರ್ಷ ಇಲ್ಲೇ ತಯಾರಾಗತೊಡಗಿದ ಮೇಲೆ ಬೆಲೆ 2 ಲಕ್ಷದ ಮಟ್ಟಕ್ಕೆ ಬಿತ್ತು. ಎಂಜಿನ್ನು ಅದೇ, ಹೆಸರೂ ಅದೇ. ಮೊದಲ ತಂಡದ ಆಮದು ಬೈಕು ಸೆಕೆಂಡ್ ಹ್ಯಾಂಡ್‌ಗೆ ಬಂದಾಗ ಮಾರುವವರು "ಇದು ಜಪಾನ್ ಮಾಲು, ಈಗಿನದು ಬೇರೆ" ಎಂದು ಬೆಲೆ ಹಿಡಿದು ಕೂರಬಹುದು. ಇಂದಿನ ಹೊಸ ಬೈಕಿನ ಬಿಲ್ಲು ಎದುರಿಗಿಟ್ಟುಕೊಂಡೇ ಚೌಕಾಸಿ ಮಾಡಿ.

ಎಕ್ಸ್ ಶೋರೂಂ 2 ಲಕ್ಷದ ಬೈಕಿಗೆ ತೆರಿಗೆ 36,000, ಸೆಸ್ 3,960, ಐದು ವರ್ಷದ ಕಡ್ಡಾಯ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸೇರಿದರೆ ಎರಡೂವರೆ ಲಕ್ಷ ಮುಟ್ಟುತ್ತದೆ. ಇದರಾಚೆಗೆ ಕನಿಷ್ಠ 25,000 ಎತ್ತಿಡಿ: ಹೆಲ್ಮೆಟ್, ಮಂಡಿ ಗಾರ್ಡು, ಬೂಟು, ಎಂಜಿನ್ ತಳ ಕಾಯುವ ಬ್ಯಾಶ್ ಪ್ಲೇಟು, ಹ್ಯಾಂಡ್ ಗಾರ್ಡು. ಎಲ್ಲ ದುಡ್ಡನ್ನೂ ಬೈಕಿಗೇ ಸುರಿದು ಚಪ್ಪಲಿಯಲ್ಲಿ ತೋಟಕ್ಕಿಳಿಯುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ.

ಕಾಲು ಮತ್ತು ತೂಕ

ಗೋಡೆಗೆ ಬೆನ್ನು ಕೊಟ್ಟು ಬರಿಗಾಲಿನಲ್ಲಿ ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಅಳೆದರೆ ನಿಮ್ಮ ಕಾಲಿನ ಉದ್ದ ಸಿಗುತ್ತದೆ. ಕೆಎಲ್‌ಎಕ್ಸ್ 230ರ ಸೀಟಿನ ಎತ್ತರ 880 ಮಿ.ಮೀ., ಹೀರೊ ಎಕ್ಸ್‌ಪಲ್ಸ್ 200 4ವಿಯದು 825, ಅದರ ಪ್ರೊ ಆವೃತ್ತಿಯದು 891, ಎಕ್ಸ್‌ಪಲ್ಸ್ 210ರದು 830, ಹಳೆಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರದು 800. ನೀವು ಕೂತಾಗ ಸ್ಪ್ರಿಂಗ್ ಕೆಲವು ಸೆಂ.ಮೀ. ಕುಸಿಯುತ್ತದೆ, ತೆಳ್ಳನೆ ಸೀಟು ಇನ್ನಷ್ಟು ಅನುಕೂಲ. ಎರಡೂ ಪಾದ ಪೂರ್ತಿ ಊರಬೇಕೆಂದಿಲ್ಲ. ಸೊಂಟ ಸ್ವಲ್ಪ ಸರಿಸಿದಾಗ ಒಂದು ಕಾಲಿನ ಮುಂಗಾಲು ಗಟ್ಟಿಯಾಗಿ ಊರಿದರೆ ಸಾಕು. ಆದರೆ ಇದನ್ನು ಸಮತಟ್ಟಿನಲ್ಲಿ ನೋಡಿ ತೃಪ್ತರಾಗಬೇಡಿ. ಕೊಡಗಿನಲ್ಲಿ ಸಮತಟ್ಟು ಎಂಬುದು ಗದ್ದೆಯಲ್ಲಿ ಬಿಟ್ಟರೆ ಎಲ್ಲಿದೆ? ಅಡ್ಡ ಇಳಿಜಾರಿನ ರಸ್ತೆಯಲ್ಲಿ ನಿಲ್ಲಿಸಿ, ತಗ್ಗಿನ ಕಡೆ ಕಾಲಿಡಿ. ಆ ಕಡೆ ಹತ್ತು ಸೆಂ.ಮೀ. ನೆಲವೇ ಇರುವುದಿಲ್ಲ, ಬೈಕು ಬೀಳುವುದೂ ಆ ಕಡೆಗೇ.

ಕುಳ್ಳಗಿರುವವರಿಗೆ ಬೈಕಿನ ಹಿಂಭಾಗ ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿಸಿಕೊಳ್ಳಿ ಎಂಬ ಸಲಹೆ ಬರುತ್ತದೆ. ಹಾಕಿಸಬಹುದು, ಆದರೆ ನೀವು ದುಡ್ಡು ಕೊಟ್ಟು ಕೊಂಡ ಗ್ರೌಂಡ್ ಕ್ಲಿಯರೆನ್ಸನ್ನೇ ದುಡ್ಡು ಕೊಟ್ಟು ಕಳೆದುಕೊಂಡಂತೆ. ಹಿಂಭಾಗ ತಗ್ಗಿದಷ್ಟೇ ಮುಂದಿನ ಫೋರ್ಕನ್ನೂ ಕ್ಲಾಂಪಿನಲ್ಲಿ ಏರಿಸಿ ಸಮ ಮಾಡಬೇಕು. ಸೈಡ್ ಸ್ಟ್ಯಾಂಡ್ ಕತ್ತರಿಸಿ ಗಿಡ್ಡ ಮಾಡಬೇಕು, ಇಲ್ಲದಿದ್ದರೆ ಬೈಕು ನೆಟ್ಟಗೆ ನಿಂತು ಗಾಳಿಗೇ ಆಚೆ ಬದಿಗೆ ಉರುಳುತ್ತದೆ. ತಗ್ಗಿನ ಸೀಟು ಬೇಕೆಂದರೆ ತಗ್ಗಿನ ಬೈಕನ್ನೇ ಕೊಳ್ಳಿ.

ಇನ್ನು ತೂಕ. ಕೆಎಲ್‌ಎಕ್ಸ್‌ನದು 139 ಕೆ.ಜಿ., ಎಕ್ಸ್‌ಪಲ್ಸ್ 200ರದು 160ರ ಹತ್ತಿರ, 210ರದು ಸುಮಾರು 170, ಬಿಎಸ್6 ಹಿಮಾಲಯನ್ 411ರದು 199. ಕೆಎಲ್‌ಎಕ್ಸ್‌ಗೂ ಹಿಮಾಲಯನ್‌ಗೂ ನಡುವೆ 60 ಕೆ.ಜಿ., ಒಂದು ಮೂಟೆ ಕಾಫಿಯನ್ನು ಸದಾ ಕಟ್ಟಿಕೊಂಡು ಓಡಿಸಿದ ಹಾಗೆ. ಕೊಳ್ಳುವ ಮೊದಲು ಅದೇ ಮಾಡೆಲ್ ಇರುವ ಪರಿಚಯದವರನ್ನು ಹಿಡಿದು, ಹುಲ್ಲಿನ ಮೇಲೆ ಗೋಣಿ ಹಾಸಿ ಬೈಕನ್ನು ಮಲಗಿಸಿ, ಎತ್ತಿ ನೋಡಿ. ಎಡಬದಿಗೆ ಬಿದ್ದಿದ್ದರೆ ಹ್ಯಾಂಡಲನ್ನು ಎಡಕ್ಕೇ ಪೂರ್ತಿ ತಿರುಗಿಸಿ, ಗೇರ್ ಹಾಕಿ. ಬೈಕಿಗೆ ಬೆನ್ನು ಕೊಟ್ಟು ಸೀಟಿನ ಅಂಚಿಗೆ ಸೊಂಟ ಒತ್ತಿ, ಒಂದು ಕೈ ಗ್ರಿಪ್ಪಿಗೆ, ಇನ್ನೊಂದು ಹಿಂದಿನ ರ‍್ಯಾಕಿಗೆ. ತೊಡೆಯ ಬಲದಿಂದ ಚಿಕ್ಕಚಿಕ್ಕ ಹೆಜ್ಜೆ ಹಿಂದಕ್ಕೆ ಇಡುತ್ತ ಎದ್ದುನಿಲ್ಲಬೇಕು. ಬಲಬದಿಗೆ ಬಿದ್ದಿದ್ದರೆ ಎತ್ತುವ ಮುನ್ನವೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ, ಎದ್ದ ಬೈಕು ಆಚೆ ಬದಿಗೆ ಮಗುಚಿಕೊಳ್ಳುವುದಿಲ್ಲ. ಒಣ ಹುಲ್ಲಿನಲ್ಲಿ ಮೂರು ಸಲ ಎತ್ತಲಾಗದ ಬೈಕನ್ನು ಕೆಸರಿನಲ್ಲಿ ಒಂದು ಸಲವೂ ಎತ್ತಲಾಗದು.

ಹಾಗಾದರೆ ಯಾವುದು

ಕೆಎಲ್‌ಎಕ್ಸ್ 230 ಹಗುರ, ಸರಳ: ಗಾಳಿಯಿಂದ ತಣಿಯುವ 233 ಸಿಸಿ ಎಂಜಿನ್ನು, ಹಿಂದೆ ಮುಂದೆ ಉದ್ದ ಚಲನೆಯ ಸಸ್ಪೆನ್ಷನ್. ರೇಡಿಯೇಟರ್ ಇಲ್ಲ, ಆದ್ದರಿಂದ ಬಿದ್ದಾಗ ಒಡೆಯಲು ಒಂದು ವಸ್ತು ಕಡಿಮೆ. ಟ್ಯಾಂಕ್ ಮಾತ್ರ ಎಂಟು ಲೀಟರಿಗೂ ಕಡಿಮೆ. ಸೀಟು ಹಲಗೆಯಂತೆ ಗಟ್ಟಿ, ಮಡಿಕೇರಿಯಿಂದ ಮೈಸೂರಿನ 120 ಕಿ.ಮೀ. ಮುಗಿಯುವಷ್ಟರಲ್ಲಿ ಕೂತವರಿಗೇ ಗೊತ್ತಾಗುತ್ತದೆ. ಐದೂವರೆ ಅಡಿ ದಾಟಿದವರಿಗೆ, ಮನೆಯಲ್ಲಿ ಬೇರೊಂದು ವಾಹನ ಇರುವವರಿಗೆ ಇದು ಒಪ್ಪುತ್ತದೆ.

ಒಂದೇ ಬೈಕಿನಲ್ಲಿ ಡೈರಿಗೂ ಹೋಗಬೇಕು, ಸಂತೆಗೂ ಹೋಗಬೇಕು, ಭಾನುವಾರ ಗುಡ್ಡವನ್ನೂ ಹತ್ತಬೇಕು ಎನ್ನುವವರು ಆಮದಿನ ಆಸೆ ಬಿಟ್ಟು ಎಕ್ಸ್‌ಪಲ್ಸ್ ನೋಡುವುದು ಜಾಣತನ. 200 4ವಿಗೆ ಕೇಬಲ್ಲು, ಲಿವರ್ರು, ಇಂಡಿಕೇಟರು ಹೀರೊ ಅಂಗಡಿ ಇರುವ ಊರಲ್ಲೆಲ್ಲ ಸಿಗುತ್ತವೆ, ಅಥವಾ ತರಿಸಿಕೊಡುತ್ತಾರೆ. ಘಾಟಿ ಹತ್ತುವಾಗ ಅದಕ್ಕೆ ಉಸಿರು ಸಾಲದು, ಹಿಂದೆ ಒಬ್ಬರು ಕೂತರಂತೂ ಸಂಪಾಜೆ ಘಾಟಿಯಲ್ಲಿ ಗೇರ್ ಕೆಳಗಿಳಿಸುತ್ತಲೇ ಇರಬೇಕು. ಆ ಕೊರತೆಯನ್ನು 24.6 ಪಿಎಸ್ (ಅಶ್ವಶಕ್ತಿ) ಇರುವ 210 ತುಂಬಿದೆ. ಹಿಮಾಲಯನ್ 411 ಸೆಕೆಂಡ್ ಹ್ಯಾಂಡಿನಲ್ಲಿ ಧಾರಾಳವಾಗಿ ಸಿಗುತ್ತದೆ, ಸೀಟೂ ತಗ್ಗು. ಕಲ್ಲುದಾರಿಗೆ ಒಳ್ಳೆಯದು, ಜಾರು ಕೆಸರಿನಲ್ಲಿ ಹೊಸಬರಿಗೆ ಭಾರ. ಕೆಟಿಎಂ 390 ಎಂಡ್ಯೂರೊ ಆರ್ ಪುಣೆ ಬಳಿಯ ಚಾಕಣದಲ್ಲೇ ತಯಾರಾಗುವ ಚುರುಕು ಬೈಕು. ಮೊದಲ ಬೈಕಾಗಿ ಬೇಡ: ಒದ್ದೆ ಎಲೆಯ ಮೇಲೆ ಆ ಎಂಜಿನ್ನಿಗೆ ಆಕ್ಸಿಲರೇಟರಿನ ಸಣ್ಣ ತಪ್ಪೇ ಸಾಕು.

2011ರಲ್ಲಿ ಬಂದ ಹೀರೊ ಇಂಪಲ್ಸ್ 150 ಕೆಲವೊಮ್ಮೆ ತೀರಾ ಅಗ್ಗಕ್ಕೆ ಕಾಣುತ್ತದೆ. 15 ವರ್ಷದ ಆರ್‌ಸಿ ಅವಧಿ ಮುಗಿಯುವ ವರ್ಷಗಳಿವು, ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆ, ಹಸಿರು ತೆರಿಗೆ ಎರಡೂ ಇವೆ. ನೀವೇ ಸ್ಪ್ಯಾನರ್ ಹಿಡಿಯುವವರಲ್ಲದಿದ್ದರೆ ಮುಟ್ಟಬೇಡಿ.

ಆರಿಸಿದ ಮೇಲೆ ಒಂದು ಕೆಲಸ ಬಾಕಿ. ಮುಂಗಡ ಕೊಡುವ ಮುನ್ನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಐದು ವಸ್ತುಗಳ ಬೆಲೆ ಮತ್ತು ಬರುವ ದಿನ ಕೇಳಿ: ಕ್ಲಚ್ ಲಿವರ್, ಕ್ಲಚ್ ಕೇಬಲ್, ಗೇರ್ ಲಿವರ್, ಬ್ರೇಕ್ ಪೆಡಲ್, ಏರ್ ಫಿಲ್ಟರ್. ಬಿದ್ದಾಗ, ಕೆಸರಿನಲ್ಲಿ ಓಡಾಡುವಾಗ ಮೊದಲು ಹೋಗುವವು ಇವೇ. "ಸ್ಟಾಕ್ ಇದೆ" ಎಂದರೆ ಸರಿ, "ಆರ್ಡರ್ ಹಾಕಿದರೆ ಬರುತ್ತೆ" ಎಂದರೆ ಎಷ್ಟು ದಿನ ಎಂದು ಒತ್ತಿ ಕೇಳಿ. ತಿಂಗಳುಗಟ್ಟಲೆ ಎನ್ನುವ ಉತ್ತರ ಬಂದರೆ ಆ ಬೈಕಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಅಗ್ಗವಲ್ಲ.

ಹಳೆ ಬೈಕು ನೋಡಲು ಹೋದಾಗ

ಆದಷ್ಟೂ ಮಳೆಗಾಲದಲ್ಲೇ ನೋಡಿ, ಬೇಸಿಗೆಯಲ್ಲಿ ಅಡಗಿರುವ ಕರೆಂಟಿನ ದೋಷಗಳು ಮಳೆಯಲ್ಲಿ ಹೊರಬೀಳುತ್ತವೆ. ಬರುತ್ತೇವೆಂದು ಹೇಳುವಾಗಲೇ ಬೈಕು ಸ್ಟಾರ್ಟ್ ಮಾಡಿಡಬೇಡಿ ಎಂದು ತಿಳಿಸಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ತಣ್ಣಗಿನ ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಿಟ್ಟಿರಬಹುದು. ಕಾಫಿ ಕುಡಿಯುತ್ತ ಮುಕ್ಕಾಲು ಗಂಟೆ ಕಾಯಿರಿ.

ಮೊದಲು ಆಯಿಲ್. ಡಿಪ್‌ಸ್ಟಿಕ್ ಇದ್ದರೆ ಎಳೆದು, ಇಲ್ಲದಿದ್ದರೆ ಫಿಲ್ಲರ್ ಮುಚ್ಚಳ ಬಿಚ್ಚಿ ಒಳಬದಿ ನೋಡಿ. ಕಪ್ಪಗಿದ್ದರೆ ಹಳೆ ಆಯಿಲ್ ಅಷ್ಟೆ. ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಹೊಳೆಯಲ್ಲಿ ಮುಳುಗಿ ಎದ್ದ ಬೈಕಿರಬಹುದು. ಮುಚ್ಚಳಕ್ಕಷ್ಟೇ ತೆಳ್ಳಗೆ ನೊರೆ ಅಂಟಿದ್ದರೆ ಗಾಬರಿ ಬೇಡ: ಚಳಿಯಲ್ಲಿ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಬೈಕುಗಳಲ್ಲಿ ಆವಿ ನಿಲ್ಲುತ್ತದೆ. ಒಳಗಿನ ಆಯಿಲ್ಲೇ ಬಣ್ಣ ಕೆಟ್ಟಿದೆಯೇ ಎಂಬುದು ಮುಖ್ಯ.

ಆಮೇಲೆ ಏರ್ ಫಿಲ್ಟರ್ ಪೆಟ್ಟಿಗೆ. ಇದನ್ನು ತೆಗೆಸದೆ ಬೈಕು ಕೊಳ್ಳಬೇಡಿ. ಫಿಲ್ಟರಿನ ಹೊರಬದಿ ಕೊಳೆಯಾಗಿರುವುದು ಸಹಜ. ಅದನ್ನು ತೆಗೆದು, ಎಂಜಿನ್ನಿಗೆ ಹೋಗುವ ಕೊಳವೆಯ ಒಳಗೆ ಬೆರಳಾಡಿಸಿ. ಬೆರಳಿಗೆ ನುಣುಪಾದ ಕೆಂಪು ದೂಳು ಹತ್ತಿದರೆ ಆ ದೂಳು ಪಿಸ್ಟನ್ನಿನವರೆಗೂ ಹೋಗಿ ಅದರ ಉಂಗುರ ಸವೆದಿರಬಹುದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ತಿರುಗಿಸಿದಾಗ ಬೈಕು ನೀಲಿ ಹೊಗೆ ಉಗುಳಿದರೆ ಒಳಗೆ ಆಯಿಲ್ ಉರಿಯುತ್ತಿದೆ. ಹಿಂದೆ ಒಬ್ಬರನ್ನು ನಿಲ್ಲಿಸಿ ನೋಡಿಸಿ.

ಫೋರ್ಕಿನ ಹೊಳೆಯುವ ಕೊಳವೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಮುಂದಿನ ಬ್ರೇಕ್ ಹಿಡಿದು ಹತ್ತು ಸಲ ಅದುಮಿ. ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದರೆ ಸೀಲು ಸೋರುತ್ತಿದೆ. ಬರೀ ಕೆಸರು ಸಿಕ್ಕಿಕೊಂಡು ಸೋರುವುದೂ ಉಂಟು, ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಸೀಲಿನಂಚಿಗೆ ಹೊಗಿಸಿ ಸುತ್ತಲೂ ಆಡಿಸಿದರೆ ನಿಲ್ಲುತ್ತದೆ. ಕೊಳವೆಯ ಮೇಲೆ ಉಗುರಿಗೆ ಸಿಗುವ ಗೀರಿದ್ದರೆ ಮಾತ್ರ ಎಷ್ಟು ಸೀಲು ಬದಲಿಸಿದರೂ ಸೋರುತ್ತಲೇ ಇರುತ್ತದೆ.

ಎಂಜಿನ್ ಕೆಳಗೆ ಇಟ್ಟಿಗೆಯೋ ಮರದ ದಿಮ್ಮಿಯೋ ಕೊಟ್ಟು ಮುಂದಿನ ಚಕ್ರ ಎತ್ತಿ. ಹ್ಯಾಂಡಲನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ. ನಟ್ಟನಡುವೆ ಗುಳಿಗೆ ಬಿದ್ದಂತೆ ಒಮ್ಮೆ ತಡೆದರೆ ಬೇರಿಂಗ್ ಹೋಗಿದೆ. ಚಕ್ರ ತಿರುಗಿಸುತ್ತ ಪ್ರತಿ ಸ್ಪೋಕಿಗೂ ಸ್ಪ್ಯಾನರಿನಿಂದ ತಟ್ಟಿ: ಬಿಗಿಯಾದದ್ದು ಠಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದೆರಡಿದ್ದರೆ ಬಿಗಿಸಬಹುದು, ಸಾಲಾಗಿ ಐದಾರು ಸಡಿಲಿದ್ದರೆ ಅಲ್ಲಿ ರಿಮ್ ಪೆಟ್ಟು ತಿಂದಿದೆ. ಹಿಂದಿನ ಚಕ್ರ ಎತ್ತಿ, ಆ ಚಕ್ರವನ್ನು ಹೊತ್ತ ತೋಳು, ಅಂದರೆ ಸ್ವಿಂಗ್ ಆರ್ಮ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ, ಕಟಕಟ ಎಂದರೆ ಬುಷ್ ಸವೆದಿದೆ. ಕೆಸರು ತೊಳೆಯಲು ಪ್ರೆಷರ್ ವಾಷರನ್ನು ನೇರ ಅಲ್ಲಿಗೇ ಹಿಡಿಯುವವರ ಬೈಕುಗಳಲ್ಲಿ ಗ್ರೀಸ್ ಕೊಚ್ಚಿಹೋಗಿ ಇದು ಬೇಗ ಬರುತ್ತದೆ.

ಚೈನನ್ನು ಹಿಂದಿನ ಸ್ಪ್ರಾಕೆಟಿನ ತುತ್ತತುದಿಯಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲಿನಷ್ಟು ಮೇಲೆದ್ದರೆ ಚೈನ್ ಸ್ಪ್ರಾಕೆಟ್ ಸೆಟ್ಟಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಬ್ಯಾಶ್ ಪ್ಲೇಟ್ ಬಿಚ್ಚಿಸಿ ಕ್ರ್ಯಾಂಕ್ ಕೇಸಿನ ತಳ, ಕಾಲಿಡುವ ಫುಟ್‌ಪೆಗ್ ಬುಡ, ಸೀಟು ಹೊರುವ ಹಿಂದಿನ ಸಬ್‌ಫ್ರೇಮ್ ನೋಡಿ. ಹೊಸ ವೆಲ್ಡಿಂಗ್ ಗೆರೆ, ಎಂ-ಸೀಲ್, ಒಂದೇ ಕಡೆ ಹೊಸ ಪೇಂಟು ಕಂಡರೆ ಮರಳಿ ಹೊರಟುಬಿಡಿ. ಕೊನೆಗೆ ಸೀಟು ತೆಗೆದು ವೈರಿನ ಕನೆಕ್ಟರುಗಳನ್ನು ಬಿಡಿಸಿ ಒಳಗೆ ಹಸಿರು ಕಿಲುಬು ಇದೆಯೇ ನೋಡಿ.

ಹಳೆಯ ಆಮದು ಕಾರ್ಬುರೇಟರ್ ಬೈಕಾದರೆ ಇನ್ನೊಂದು ಪ್ರಶ್ನೆ: ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್ಲಿಗಿಂತ ಹಿಂದಿನ ಬೈಕುಗಳ ರಬ್ಬರ್ ಭಾಗಗಳು ಇದಕ್ಕೆಂದೇ ಮಾಡಿದವಲ್ಲ. ಪೈಪು, ಓ–ರಿಂಗುಗಳು ಉಬ್ಬಿ ಸೀಳುತ್ತವೆ. ಎಥನಾಲ್ ತೇವವನ್ನೂ ಹೀರುತ್ತದೆ, ಮಳೆ ಬಿಡದ ನಮ್ಮ ಆಟಿ ತಿಂಗಳ ಹವೆಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಬೈಕು ನಿಲ್ಲಿಸಿದರೆ ತಳದಲ್ಲಿ ನೀರು ಬೇರೆಯಾಗುವ ಸಂಭವವಿದೆ. ಮಳೆಗಾಲದಲ್ಲಿ ಓಡಿಸದೆ ಇಡುವುದಾದರೆ ಟ್ಯಾಂಕ್ ತುಂಬಿಸಿಡಿ, ಕಾರ್ಬುರೇಟರ್ ಬರಿದುಮಾಡಿ.

ಕಾಗದಪತ್ರ

ಚಾಸಿಸ್ ನಂಬರನ್ನು ಹ್ಯಾಂಡಲಿನ ಕತ್ತಿನ ಬಳಿ ಒರೆಸಿ ಓದಿ, ಎಂಜಿನ್ ನಂಬರನ್ನೂ ಓದಿ, ಎರಡನ್ನೂ ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಭಾರತದಲ್ಲಿ ಎಂದೂ ಮಾರಾಟವಾಗದ ಬೈಕು ಆರ್‌ಸಿ ಸಮೇತ ಅಗ್ಗಕ್ಕೆ ಬಂದರೆ, ಆ ಆರ್‌ಸಿ ಬೇರಾವುದೋ ಬೈಕಿನದ್ದಾಗಿರುವ ಅನುಮಾನ ಮೊದಲು ಬರಬೇಕು. ನಿಜವಾಗಿ ಆಮದಾದ ಬೈಕಿಗೆ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಇರುತ್ತದೆ, ಅದನ್ನು ಕೇಳಿ.

ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. ಹೆಸರು ಬದಲಾವಣೆಗೆ ಫಾರಂ 29, 30. ಇರಿಟ್ಟಿ, ತಲಶ್ಶೇರಿ ಕಡೆಯ ಕೇರಳ ನಂಬರಿನ ಬೈಕುಗಳು ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಆಗಾಗ ಮಾರಾಟಕ್ಕೆ ಬರುತ್ತವೆ. ಅವಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಹೊಸ ನಂಬರ್ ಪಡೆಯಲು ಕರ್ನಾಟಕದ ತೆರಿಗೆ ಮತ್ತೆ ಕಟ್ಟಬೇಕು. ಗಡಿಯ ಮಾಕುಟ್ಟದಾಚೆ ಅಗ್ಗಕ್ಕೆ ಕಂಡ ಬೈಕು ಪೆರುಂಬಾಡಿ ದಾಟುವಷ್ಟರಲ್ಲಿ ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ.

ಬೈಕು ಮನೆಗೆ ಬಂದ ಮೇಲೆ

ಕಂಪನಿಯ ಟೈರು ಸವೆಯುವ ತನಕ ಬದಲಿಸಬೇಡಿ, ಗಾಳಿ ಇಳಿಸುವುದನ್ನು ಕಲಿಯಿರಿ. ರಸ್ತೆಗೆ ಕೈಪಿಡಿಯಲ್ಲಿ ಹೇಳಿದಷ್ಟು, ಕೆಸರಿಗೆ ಮುಂದೆ 18, ಹಿಂದೆ 20 ಪಿಎಸ್‌ಐ. 15ಕ್ಕಿಂತ ಕೆಳಗೆ ಹೋದರೆ ರಿಮ್ಮಿನೊಳಗೆ ಟೈರೇ ಜಾರಿ ಟ್ಯೂಬಿನ ವಾಲ್ವ್ ಬುಡದಲ್ಲಿ ಕಿತ್ತುಬರುತ್ತದೆ. ಟಾರು ರಸ್ತೆಗೆ ಬರುವ ಮುನ್ನ ಸೈಕಲ್ ಪಂಪಿನಲ್ಲಾದರೂ ಮತ್ತೆ ತುಂಬಿ, ಕಡಿಮೆ ಗಾಳಿಯಲ್ಲಿ ಗುಂಡಿಗೆ ಬಿದ್ದರೆ ರಿಮ್ಮು ಬಾಗುತ್ತದೆ.

ದಿಣ್ಣೆಗಳಲ್ಲಿ ಕ್ಲಚ್ ಜಾಸ್ತಿ ಹಿಡಿಯಬೇಕಾಗುತ್ತಿದೆ ಎನಿಸಿದರೆ ಮುಂದಿನ ಸ್ಪ್ರಾಕೆಟನ್ನು ಒಂದು ಹಲ್ಲು ಚಿಕ್ಕದು ಹಾಕಿಸಿ. 14ರಿಂದ 13ಕ್ಕೆ ಬಂದರೆ ಗೇರಿಂಗ್ ಸುಮಾರು ಶೇ 7 ತಗ್ಗುತ್ತದೆ, ಖರ್ಚು ಕೆಲವೇ ನೂರು ರೂಪಾಯಿ. ಲಿವರುಗಳ ಬೋಲ್ಟನ್ನು ಹ್ಯಾಂಡಲಿಗೆ ಅತಿ ಬಿಗಿ ಮಾಡದೆ, ಬಿದ್ದಾಗ ತಿರುಗಿಕೊಳ್ಳುವಷ್ಟು ಸಡಿಲ ಬಿಡಿ. ಸೈಲೆನ್ಸರ್ ಬದಲಿಸುವ ದುಡ್ಡನ್ನು ಬೂಟಿಗೆ ಹಾಕಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಸುತ್ತ ಆನೆ ಅಡ್ಡ ಬರುವ ದಾರಿಗಳಲ್ಲಿ ಆ ಅಬ್ಬರ ನಿಮಗೇ ಅಪಾಯ. ಜಿಗಣೆ ಕಾಲವೆಂದು ಗಂಬೂಟು ಹಾಕಿಕೊಂಡು ಓಡಿಸುವುದೂ ಬೇಡ: ಒದ್ದೆ ಪೆಗ್ಗಿನ ಮೇಲೆ ಜಾರುತ್ತದೆ, ಹಿಮ್ಮಡಿ ಗಂಟಿಗೆ ಯಾವ ರಕ್ಷಣೆಯೂ ಇಲ್ಲ.

ಸೀಟಿನ ಹಿಂದೆ ಒಂದು ಚೀಲ ಸದಾ ಇರಲಿ: 21 ಇಂಚಿನ ಟ್ಯೂಬು (ತುರ್ತಿಗೆ ಹಿಂದಿನ ಚಕ್ರಕ್ಕೂ ತುರುಕಬಹುದು), ಎರಡು ಟೈರ್ ಲಿವರ್, ಕ್ಲಚ್ ಕೇಬಲ್, ಎರಡೂ ಲಿವರ್, ಚೈನ್ ಲಿಂಕ್, ಪ್ಲಗ್ ಮತ್ತು ಪ್ಲಗ್ ಸ್ಪ್ಯಾನರ್, ಫ್ಯೂಸು, 8, 10, 12, 14ರ ಸ್ಪ್ಯಾನರು, ಕೇಬಲ್ ಟೈ.

ಅಭ್ಯಾಸಕ್ಕೆ ಕಾಡಿಗೆ ಹೋಗಬೇಡಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ಬೈಕು ಹೊಗಿಸುವುದು ಅಪರಾಧ. ಸುಗ್ಗಿ ಹಬ್ಬ ಹುತ್ತರಿ ಕಳೆದು ಕುಯ್ಲು ಮುಗಿದ ಗದ್ದೆಗಿಂತ ಒಳ್ಳೆಯ ಶಾಲೆ ಬೇಕಿಲ್ಲ. ಯಜಮಾನರ ಒಪ್ಪಿಗೆ ಕೇಳಿ, ಜನವರಿಯಿಂದ ಮಾರ್ಚ್ ತನಕ ವಾರಕ್ಕೆ ಎರಡು ಗಂಟೆ. ಮೊದಲು ಕೂತು ಎಂಟರಾಕಾರ, ಆಮೇಲೆ ಪೆಗ್ ಮೇಲೆ ನಿಂತು ಅದೇ ಎಂಟು, ಆಮೇಲೆ ಹಿಂದಿನ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಲು ಬಂದರೆ ಆಫ್ ಮಾಡಿ ಹಿಂಬ್ರೇಕ್ ಜಾರಿಸುವುದು. ಬದುಗಳು ಒಂದೊಂದಡಿ ಎತ್ತರವಿರುತ್ತವೆ, ಓರೆಯಾಗಿ ಹತ್ತದೆ ನೇರ ಎದುರಿಸಿ. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮೊದಲ ದಿನ ರಸ್ತೆಗಿಳಿಯುವಾಗ ಮಾತ್ರ ಎಚ್ಚರ. ತಿಂಗಳುಗಟ್ಟಲೆ ಕೂತ ದೂಳು, ಆಯಿಲ್ ಒದ್ದೆಯಾಗಿ ಸಾಬೂನಿನಂತಾಗಿರುತ್ತದೆ, ಜೂನಿನ ಜಡಿಮಳೆಗಿಂತ ಅದು ಹೆಚ್ಚು ಜಾರು.

ಕೊಲ್ಲಿ, ಅಂದರೆ ಸಣ್ಣ ತೊರೆ, ದಾಟುವ ಮುನ್ನ ಬೈಕು ನಿಲ್ಲಿಸಿ ನಡೆದು ನೋಡಿ. ನೀರು ಚಕ್ರದ ನಡುಗುಂಬ ಮೀರಿದರೆ ಹೊಸಬರು ದಾಟಬಾರದು. ದಾಟುವಾಗ ಮೊದಲ ಗೇರ್, ಒಂದೇ ಸಮನೆ ಆಕ್ಸಿಲರೇಟರ್, ಕಣ್ಣು ಆಚೆ ದಡದ ಮೇಲೆ. ನಡುವೆ ಎಂಜಿನ್ ಆರಿಹೋಗಿ ಬೈಕು ಮುಳುಗಿದರೆ ಸೆಲ್ಫ್ ಬಟನ್ ಒತ್ತಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಳ್ಳಿ, ಏರ್ ಫಿಲ್ಟರ್ ತೆಗೆದು ಪೆಟ್ಟಿಗೆ ಬರಿದು ಮಾಡಿ. ಪ್ಲಗ್ ಬಿಚ್ಚಿ, ಕೊನೆಯ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಪ್ಲಗ್ ತೂತಿನಿಂದ ನೀರು ಬರುವುದು ನಿಲ್ಲುವ ತನಕ ಕಾಯಿರಿ. ಆಯಿಲ್ ಬಣ್ಣ ನೋಡಿ, ಬಿಳಚಿದ್ದರೆ ಸ್ಟಾರ್ಟ್ ಮಾಡದೆ ಪಿಕಪ್ಪಿಗೆ ಹೇರಿ. ಬಣ್ಣ ಸರಿಯಿದ್ದರೆ ಪ್ಲಗ್ ಒರೆಸಿ ಹಾಕಿ, ಫಿಲ್ಟರ್ ಹಿಂಡಿ ಕೂರಿಸಿ ಸ್ಟಾರ್ಟ್ ಮಾಡಿ. ಮನೆ ಸೇರಿದ ಮೇಲೆ ಆ ಆಯಿಲನ್ನು ಹೇಗೂ ಬದಲಿಸಿ, ಇನ್ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ಬದಲಿಸಿ.